ಸ್ಕಂದಗಿರಿ ಒಪ್ಪಂದ

ಕಣ್ಣಾರೆ ಕಾಣದ ಸಂಗತಿಯನ್ನು ಪಾಠ ಮಾಡುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಕೇಳುವವರೂ ಅದನ್ನು ಕಂಡಿರುವುದಿಲ್ಲವಾದ್ದರಿಂದ ಯಾರೂ ತಿದ್ದಲು ಬರುವುದಿಲ್ಲ. ಈ ಅನುಕೂಲವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಸಂಬಳ ಸಮೇತ ಅನುಭವಿಸುತ್ತಿದ್ದೇನೆ. ಶಿಡ್ಲಘಟ್ಟದ ಡಿಗ್ರಿ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಅಂತರರಾಷ್ಟ್ರೀಯ ಸಂಬಂಧಗಳು ನನ್ನ ಖಾಸಾ ವಿಷಯ. ರಾಯಭಾರಿಯಾದವನು ಹೇಗೆ ನಡೆದುಕೊಳ್ಳಬೇಕು, ಎದುರಿಗಿರುವವರ ಮನಸ್ಸನ್ನು ಹೇಗೆ ಅರಿಯಬೇಕು, ಮಾತು ಮುರಿದು ಬೀಳುವ ಹೊತ್ತಿನಲ್ಲಿ ಎಷ್ಟು ಹಲ್ಲು ಕಾಣುವಂತೆ ನಗಬೇಕು ಎಂಬುದನ್ನೆಲ್ಲ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತೇನೆ. ನನ್ನ ಸ್ವಂತ ವಿದೇಶ ಪ್ರವಾಸವೆಂದರೆ ಗೌರಿಬಿದನೂರಿನ ಮಾವನ ಮನೆಯಿಂದ ಗಡಿ ದಾಟಿ ಆಂಧ್ರದ ಹಿಂದೂಪುರಕ್ಕೆ ಹೋಗಿ ಸಂಜೆಯೊಳಗೆ ವಾಪಸು ಬಂದದ್ದು. ಒಂದು ಪಾಸ್‌ಪೋರ್ಟನ್ನೂ ಮಾಡಿಸಿದ್ದೆ. ಅದು ಒಂದು ಠಸ್ಸೆಯನ್ನೂ ಕಾಣದೆ ಅವಧಿ ಮುಗಿಸಿ, ಬೀರುವಿನಲ್ಲಿ ರೇಷನ್ ಕಾರ್ಡಿನ ಪಕ್ಕ ಮಲಗಿದೆ.

ಹೀಗೆ ನೆಮ್ಮದಿಯಾಗಿದ್ದವನ ಬಾಳಿಗೆ ಕೊನೆಯ ವರ್ಷದ ಬಿ.ಎ. ಓದುತ್ತಿರುವ ಪವಿತ್ರ ಕಲ್ಲು ಹಾಕಿದಳು. ದಿಬ್ಬೂರಹಳ್ಳಿಯ ರೇಷ್ಮೆ ಬೆಳೆಗಾರರ ಮನೆಯ ಹುಡುಗಿ. ಮೊದಲ ಬೆಂಚಿನಲ್ಲಿ ಕೂತರೂ ಮಾತು ಕಡಿಮೆ. ಒಂದು ಬುಧವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ದಿಲ್ಲೀಲಿ ಇಂಟರ್ನ್‌ಶಿಪ್‌ಗೆ ಸೆಲೆಕ್ಟ್ ಆಗಿದೀನಿ" ಎಂದಳು. ವಿದೇಶಾಂಗ ಕಚೇರಿಯಲ್ಲಿ ಮೂರು ತಿಂಗಳು. ದೇಶ ದೇಶಗಳ ನಡುವಿನ ವ್ಯವಹಾರ ಹೇಗೆ ನಡೆಯುತ್ತದೆಂದು ಡಿಗ್ರಿ ಓದುವ ಮಕ್ಕಳಿಗೆ ತೋರಿಸಿಕೊಟ್ಟು, ಮೇಲಿಂದ ಸರ್ಕಾರವೇ ತಿಂಗಳು ತಿಂಗಳು ಗೌರವಧನವನ್ನೂ ಕೊಡುತ್ತದೆಯಂತೆ. ಇದರ ಸುತ್ತೋಲೆ ನನ್ನ ಇ-ಮೇಲಿಗೂ ಬಂದಿತ್ತು. ನಮ್ಮ ತಾಲ್ಲೂಕಿಗೂ ದಿಲ್ಲಿಗೂ ಏನು ಸಂಬಂಧ ಎಂದು ಓದದೆ ಅಳಿಸಿದ್ದೆ. ಈ ಸತ್ಯವನ್ನು ನುಂಗಿಕೊಂಡು, "ನೋಡಿದ್ರಾ, ನಮ್ಮ ಡಿಪಾರ್ಟ್‌ಮೆಂಟ್!" ಎಂದು ಇಡೀ ಸ್ಟಾಫ್ ರೂಮಿಗೆ ಕೇಳುವಂತೆ ಕೂಗಿದೆ. ಚಿಂತಾಮಣಿಯಿಂದ ಬಂದುಹೋಗುವ ಅರ್ಥಶಾಸ್ತ್ರದ ಮೇಷ್ಟ್ರು ಕನ್ನಡಕ ಇಳಿಸಿ, "ಯಾರ ಕೈಲಿ ಹೇಳ್ಸಿದ್ರಮ್ಮಾ?" ಎಂದು ಕೇಳಿದರು. "ಯಾರ ಕೈಲೂ ಇಲ್ಲ ಸಾರ್, ಫಾರಂ ತುಂಬಿದೆ ಅಷ್ಟೆ" ಎಂದಳು. ಅವರು ಸಂಜೆಯವರೆಗೂ ಆ ಉತ್ತರವನ್ನು ನಂಬಲಿಲ್ಲ.

ಆದರೆ ಹುಡುಗಿಯ ಮುಖದಲ್ಲಿ ಗೆಲುವಿರಲಿಲ್ಲ. "ಅಪ್ಪ ಕಳ್ಸಲ್ಲ ಅಂತಾರೆ ಸಾರ್. ಸೋಮವಾರದೊಳಗೆ ಅವರ ಸಹಿ ಇರೋ ಒಪ್ಪಿಗೆ ಪತ್ರ ಕಳಿಸ್ದಿದ್ರೆ ಸೀಟು ಬೇರೆಯವರಿಗೆ ಹೋಗತ್ತೆ. ನೀವು ಬಂದು ಒಂದ್ ಮಾತು ಹೇಳ್ತೀರಾ?" ಎಂದು ಕೇಳುವಾಗ ಅವಳ ದನಿ ಸಣ್ಣಗಾಯಿತು. ನನಗೆ ನಿಜವಾಗಿಯೂ ಸಂಕಟವಾಯಿತು. ಜೊತೆಗೆ, ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು. ಕೊನೆಗೂ ನನ್ನನ್ನು ಯಾರೋ ಸಂಧಾನಕ್ಕೆ ಕರೆದಿದ್ದರು. "ನಾನಿದ್ದೀನಿ ಬಿಡಮ್ಮ" ಎಂದೆ.

ಮಾರನೆಯ ದಿನ ಮಧ್ಯಾಹ್ನ ಹೊರಟೆ. ಮೊದಲ ಭೇಟಿಯಲ್ಲಿ ವೇಷಭೂಷಣ ಬಹಳ ಮುಖ್ಯ ಎಂದು ನಾನೇ ಪಾಠ ಮಾಡಿದ್ದೇನಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಕತ್ತಿಗೆ ಪೌಡರು ಬಳಿದು, ಭಾಮೈದ ಕೊಟ್ಟಿದ್ದ ಸೆಂಟನ್ನು ಎರಡು ಕಡೆ ಹೊಡೆಯುವ ಬದಲು ನಾಲ್ಕು ಕಡೆ ಹೊಡೆದುಕೊಂಡೆ. ದಿಬ್ಬೂರಹಳ್ಳಿಯಲ್ಲಿ ಪವಿತ್ರಳ ಮನೆಯ ಮುಂದೆ ಬೈಕು ನಿಲ್ಲಿಸಿದಾಗ ಯಾರೂ ಕಾಣಲಿಲ್ಲ. ಪಕ್ಕದ ಉದ್ದನೆಯ ಶೆಡ್ಡಿನೊಳಗೆ ಯಾರೋ ಓಡಾಡುವ ಸದ್ದು ಕೇಳಿಸಿತು. ಆತಿಥೇಯರು ಇರುವಲ್ಲಿಗೇ ಹೋಗಿ ಕೈಮುಗಿದರೆ ಸಲಿಗೆ ಬೆಳೆಯುತ್ತದೆ ಎಂದುಕೊಂಡು, ಬಾಗಿಲಿನ ಪರದೆ ಸರಿಸಿ ನೇರವಾಗಿ ನುಗ್ಗಿದೆ. ಅದು ಹುಳು ಮನೆ. ತಟ್ಟೆ ತಟ್ಟೆಗಳಲ್ಲಿ ಸಾವಿರಾರು ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿದ್ದವು. ಸೊಪ್ಪು ಹಾಕುತ್ತಿದ್ದ ಪವಿತ್ರಳ ತಂದೆ ವೆಂಕಟರೋಣಪ್ಪನವರು ನನ್ನನ್ನು ನೋಡಿ ಇದ್ದಲ್ಲೇ ನಿಂತರು. ಅವರಿಗಿಂತ ಮೊದಲು ಅವರ ತಾಯಿ ಬಾಯಿ ತೆರೆದರು. "ಎವರಪ್ಪಾ ಈಯನ, ಸೆಂಟು ಪೂಸುಕೊನಿ ವಚ್ಚಿನಾಡು!" ಎಂದು, ಸೆಂಟು ಬಳಿದುಕೊಂಡು ಬಂದ ಇವನ್ಯಾರೆಂದು ತೆಲುಗಿನಲ್ಲಿ, ಮೂಗಿಗೆ ಸೆರಗು ಹಿಡಿದು ಕೂಗಿದ ರಭಸಕ್ಕೆ ನಾನು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಅಂಗಳಕ್ಕೆ ಬಂದು ಬಿದ್ದೆ.

ಹುಳು ಮನೆಗೆ ಹೊರಗಿನವರು ಕಾಲಿಡಬಾರದು, ಇಡಲೇಬೇಕಾದರೆ ಬಾಗಿಲಲ್ಲಿಟ್ಟ ಔಷಧಿ ನೀರಿನಲ್ಲಿ ಕಾಲು ಅದ್ದಿ ಹೋಗಬೇಕು, ಸೆಂಟು ಪೌಡರು ಬೀಡಿ ಯಾವ ವಾಸನೆಯೂ ಹುಳುವಿಗೆ ಸೋಕಬಾರದು ಎಂಬುದು ನಮ್ಮ ತಾಲ್ಲೂಕಿನಲ್ಲಿ ಅಂಗನವಾಡಿ ಮಗುವಿಗೂ ಗೊತ್ತು. ಯಾವ ದೇಶದ ರಾಯಭಾರಿಗೆ ಯಾವ ವಿನಾಯಿತಿ ಉಂಟೆಂದು ಕಂಠಪಾಠ ಹೇಳುವ ನನಗೆ ಗೊತ್ತಿರಲಿಲ್ಲ. "ನಾಕನೇ ಜ್ವರ ಎದ್ದು, ಪೊರೆ ಕಳಚಿ ಮೇಯ್ತಾ ಇದಾವೆ ಸಾ, ಇನ್ನೊಂದ್ ವಾರದಲ್ಲಿ ಗೂಡು ಕಟ್ಟೋ ಹುಳ" ಎಂದಷ್ಟೇ ಹೇಳಿ ವೆಂಕಟರೋಣಪ್ಪನವರು ಬಾಗಿಲಿನ ಪರದೆ ಎಳೆದರು. ಬೈದಿದ್ದರೆ ವಾಸಿಯಿತ್ತು. ಅಜ್ಜಿ ಮಾತ್ರ ಸುಮ್ಮನಿರದೆ ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಕಳಿಸಿ, ಸೋಪು ಕೊಟ್ಟು, ಶರ್ಟು ಬಿಚ್ಚಿಸಿದರು. ಮಗನ ಹಳೆಯ ಶರ್ಟೊಂದನ್ನು ತಂದು ಕೊಟ್ಟರು. ಅದು ನನ್ನ ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಒಪ್ಪಲಿಲ್ಲ. ಹೀಗೆ ಎದುರು ಪಕ್ಷದ ಅಂಗಿ ತೊಟ್ಟು, ಹೊಂಗೆ ಮರದ ಕೆಳಗೆ ಅವರಿಂದ ಹತ್ತು ಅಡಿ ದೂರದಲ್ಲಿ ಹಾಕಿದ ಕುರ್ಚಿಯಲ್ಲಿ ಕೂತು ನಾನು ಮಾತುಕತೆ ಶುರುಮಾಡಿದೆ. ಪವಿತ್ರ ಮನೆಯ ಬಾಗಿಲಿಗೆ ಬಂದು ನಿಂತಳು.

ದಿಲ್ಲಿ ದೂರ, ಚಳಿ ಜಾಸ್ತಿ, ಹೆಣ್ಣು ಮಗು ಒಂದೇ ಎಂಬ ತಕರಾರುಗಳಿಗೆ ಉತ್ತರ ಬರೆದುಕೊಂಡು ಹೋಗಿದ್ದೆ. ವೆಂಕಟರೋಣಪ್ಪನವರ ತಕರಾರು ಬೇರೆಯೇ ಇತ್ತು. "ನಮ್ ಚಿಕ್ಕಪ್ಪನ ಮಗನಿಗೆ ಸರ್ಕಾರಿ ಕೆಲಸ ಆಗ್ಬೇಕಾದ್ರೆ ನಾವೇ ದುಡ್ಡು ಕೊಟ್ವಿ ಸಾ. ಕೊಟ್ಟಿದ್ದಕ್ಕೆ ಕೆಲಸ ಆಯ್ತು, ನಿಯತ್ತಿನ ಜನ. ಇಲ್ಲಿ ನೋಡಿದ್ರೆ ಕಲಿಸೋದೂ ಅವ್ರೇ, ದುಡ್ಡು ಕೊಡೋದೂ ಅವ್ರೇ ಅಂತೆ. ಈಸ್ಕೊಳ್ದೇ ಕೊಡೋ ಸರ್ಕಾರ ಎಲ್ಲೈತೆ ಸಾ? ಇದು ಆ ಮೊಬೈಲ್‌ನಲ್ಲಿ ಮೋಸ ಮಾಡ್ತಾರಲ್ಲ, ಅವ್ರದೇ ಕೆಲಸ." ನಾನು ಪತ್ರದಲ್ಲಿದ್ದ ಮುದ್ರೆ ತೋರಿಸಿದೆ. "ಮುದ್ರೆ ಇಲ್ಲೇ ಪೆರೇಸಂದ್ರದಲ್ಲೂ ಮಾಡ್ಕೊಡ್ತಾರೆ" ಎಂದರು. ಕಾಲ ಬದಲಾಗಿದೆ, ಈಗ ಎಲ್ಲ ಅರ್ಹತೆಯ ಮೇಲೆಯೇ ಎಂದು ಹೇಳಲು ಹೋದೆ. ನನ್ನ ನೇಮಕಾತಿ ನೆನಪಾಗಿ ಆ ವಾಕ್ಯವನ್ನು ಅರ್ಧಕ್ಕೇ ಬಿಟ್ಟೆ. ಕೊನೆಗೆ ಪಾಠದ ದನಿ ತೆಗೆದು, ಹೆಣ್ಣುಮಕ್ಕಳನ್ನು ಧೈರ್ಯವಾಗಿ ಹೊರಗೆ ಕಳಿಸದಿದ್ದರೆ ದೇಶ ಹೇಗೆ ಮುಂದುವರಿಯುತ್ತದೆ ಎಂದು ಹದಿನೈದು ನಿಮಿಷ ಮಾತಾಡಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ನಿಧಾನವಾಗಿ, "ನಿಮ್ಗೂ ಒಂದ್ ಹೆಣ್ಮಗು ಐತಂತಲ್ಲ ಸಾ. ಆ ಯಮ್ಮನ್ನ ಎಲ್ಲೆಲ್ಲಿಗೆ ಕಳ್ಸಿದೀರಾ?" ಎಂದರು.

ನನ್ನ ಮಗಳು ಸಿಂಚನ ನಾವಿರುವ ಚಿಕ್ಕಬಳ್ಳಾಪುರದಲ್ಲೇ ಡಿಗ್ರಿ ಓದುತ್ತಾಳೆ. ಕಾಲೇಜಿಗೆ ನಾನೇ ಬಿಟ್ಟು ಬರುತ್ತೇನೆ. ಗೆಳತಿಯರ ಜೊತೆ ಸ್ಕಂದಗಿರಿ ಹತ್ತುತ್ತೇನೆಂದು ಅವಳು ಎರಡು ವರ್ಷದಿಂದ ಕೇಳುತ್ತಿದ್ದಾಳೆ. ನಮ್ಮ ಮನೆಯ ತಾರಸಿಗೆ ಹೋದರೆ ಆ ಬೆಟ್ಟ ಕಾಣುತ್ತದೆ. ಒಂದು ಸಲ ಮಂಜು, ಒಂದು ಸಲ ಬಿಸಿಲು, ಒಂದು ಸಲ ಚಿರತೆ ಎಂದು ಪ್ರತಿ ಸಲವೂ ತಪ್ಪಿಸಿದ್ದೇನೆ. ಈ ಸಂದರ್ಭದಲ್ಲಿ ನುರಿತ ರಾಯಭಾರಿ ಏನಾದರೂ ಒಂದು ಸುಳ್ಳನ್ನು ಅಂದವಾಗಿ ಹೇಳುತ್ತಿದ್ದ. ಆದರೆ ಇನ್ನೊಬ್ಬರ ಅಂಗಿಯಲ್ಲಿ ಹೊಟ್ಟೆ ಕಾಣಿಸಿಕೊಂಡು ಕೂತವನಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಸ್ಕಂದಗಿರಿಗೂ ಕಳಿಸಿಲ್ಲ" ಎಂದುಬಿಟ್ಟೆ. ಅಜ್ಜಿ ಗೊಳ್ಳೆಂದು ನಕ್ಕರು. ಪವಿತ್ರಳ ಕಡೆ ನೋಡಲು ನಾಚಿಕೆಯಾಯಿತು. ಅವಳ ದಿಲ್ಲಿಯನ್ನು ನಾನೇ ಕೈಯಾರೆ ಹಾಳು ಮಾಡಿದೆ ಅನಿಸಿತು.

ಅಲ್ಲಿಯವರೆಗೂ ಬಾಗಿಲಿಗೆ ಒರಗಿ ನಿಂತಿದ್ದ ಹುಡುಗಿ ಆಗ ಬಾಯಿ ತೆರೆದಳು. "ಅಪ್ಪಾ, ಸಾರ್ ಅವ್ರ ಮಗಳನ್ನ ಈ ಭಾನುವಾರ ಬೆಟ್ಟಕ್ಕೆ ಕಳಿಸ್ಲಿ. ಕಳಿಸಿದ್ರೆ ನೀನು ಸಹಿ ಹಾಕು. ಕಳಿಸ್ಲಿಲ್ಲ ಅಂದ್ರೆ ನಾನು ದಿಲ್ಲಿ ಮಾತೇ ಎತ್ತಲ್ಲ." ನಾವಿಬ್ಬರೂ ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವೆಂಕಟರೋಣಪ್ಪನವರಿಗೆ ನಾನು ಕಳಿಸುವುದಿಲ್ಲವೆಂಬ ಭರವಸೆ. ನನಗೆ ಬೇರೆ ದಾರಿಯಿಲ್ಲ. "ಹಿಂದ್ಗಡೆ ಹೋಗ್ಬಾರ್ದು, ಗಳಿಗೆಗೊಂದ್ಸಲ ಫೋನ್ ಮಾಡ್ಬಾರ್ದು" ಎಂದು ಅವಳೇ ಷರತ್ತು ಹಾಕಿದಳು. ಇಬ್ಬರೂ ಒಪ್ಪಿದೆವು. ದಿಲ್ಲಿಯವರು ಸರಿಯಾದವಳನ್ನೇ ಆರಿಸಿದ್ದಾರೆ ಎಂದು ಆಗ ನನಗೆ ಖಾತ್ರಿಯಾಯಿತು.

ಮನೆಗೆ ಬಂದು ಸುದ್ದಿ ಹೇಳಿದರೆ ಸಿಂಚನ ನನ್ನ ಹಣೆ ಮುಟ್ಟಿ ನೋಡಿದಳು. ನಮ್ಮ ಮನೆಯವಳು ನನ್ನ ಮೈಮೇಲಿದ್ದ ಅಂಗಿ ಯಾರದೆಂದು ಕೇಳಿದಳು. ಭಾನುವಾರ ಬೆಳಿಗ್ಗೆ ಮಗಳು ನಾಲ್ವರು ಗೆಳತಿಯರ ಜೊತೆ ಆಟೋ ಹತ್ತಿ ಕೈಬೀಸಿ ಹೋದಳು. ನಾನು ಪೇಪರು ಹಿಡಿದು ಕೂತೆ. ಒಂದೇ ಸುದ್ದಿಯನ್ನು ನಾಲ್ಕು ಸಲ ಓದಿದೆ. ಐದನೇ ಸಲಕ್ಕೆ ನನ್ನ ಕೈ ತಾನಾಗಿ ಬೈಕಿನ ಕೀ ಹುಡುಕಿತು. ಬೆಟ್ಟ ಹತ್ತುವುದಿಲ್ಲವಲ್ಲ, ತಪ್ಪಲಿನಲ್ಲಿ ಸುಮ್ಮನೆ ಇರುತ್ತೇನಲ್ಲ, ಇದು ಒಪ್ಪಂದದ ಉಲ್ಲಂಘನೆ ಹೇಗಾಗುತ್ತದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ವಾದಿಸಿಕೊಂಡೆ.

ಬೆಟ್ಟದ ಬುಡದ ಟೀ ಅಂಗಡಿಯಲ್ಲಿ, ಗುರುತು ಸಿಗದಿರಲೆಂದು ಹೆಲ್ಮೆಟ್ ಹಾಕಿಕೊಂಡೇ ಬೆಂಚಿನ ಮೂಲೆಯಲ್ಲಿ ಕೂತು ಮೇಲೆ ನೋಡುತ್ತಿದ್ದೆ. ಮೂರನೇ ಟೀಗೆ ಹೆಲ್ಮೆಟ್ಟಿನ ಗಾಜು ಎತ್ತಿದಾಗ ಯಾರೋ ಹೆಗಲು ಮುಟ್ಟಿದರು. ತಿರುಗಿದರೆ ವೆಂಕಟರೋಣಪ್ಪನವರು. ನಾನು ಕಳಿಸಿದೆನೋ ಇಲ್ಲವೋ ನೋಡಿಕೊಂಡು ಹೋಗಲು ಹುಳುಗಳನ್ನು ತಾಯಿಗೆ ಒಪ್ಪಿಸಿ ಬಂದಿದ್ದರು. ಪವಿತ್ರಳ ಸೀಟು ಹೋಯಿತು, ಅದೂ ನನ್ನಿಂದ, ಅದೂ ಎರಡನೇ ಸಲ.

"ಕಳ್ಸಿದೀರಾ?" ಎಂದರು.

"ಮೇಲಿದ್ದಾಳೆ" ಎಂದೆ.

"ನೀವು?"

"ಎಂಟು ಗಂಟೆಯಿಂದ."

ಅವರು ಪಕ್ಕದಲ್ಲಿ ಕೂತರು. ಒಂದು ಟೀ ಹೇಳಿದರು. ಅದನ್ನು ಕುಡಿದು ಮುಗಿಸುವವರೆಗೂ ಬೆಟ್ಟವನ್ನೇ ನೋಡಿದರು. ಆಮೇಲೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಒಪ್ಪಿಗೆ ಪತ್ರ ತೆಗೆದು, ನನ್ನ ಪೆನ್ನು ಇಸಿದುಕೊಂಡು, ಬೆಂಚಿನ ಮೇಲಿಟ್ಟು ಸಹಿ ಹಾಕಿದರು. ಪೆನ್ನು ವಾಪಸು ಕೊಡುತ್ತ ದನಿ ತಗ್ಗಿಸಿ ಕೇಳಿದರು.

"ಸಾ, ದಿಲ್ಲೀಲಿ ಆ ಆಫೀಸ್ ಎದ್ರುಗಡೆ ಇಂಥದ್ದೊಂದ್ ಟೀ ಅಂಗಡಿ ಇರತ್ತಾ?"

ಗೊತ್ತಿಲ್ಲ ಎಂದೆ. ರೈಲಿಗೆ ಟಿಕೆಟ್ ಮಾಡಿಸುವುದಾದರೆ ಒಂದು ಬೇಡ, ಎರಡು ಮಾಡಿಸಿ ಎಂದೂ ಹೇಳಿದೆ.