ಹಿತ್ತಲ ಬೋರ್ಡಿಗೆ ನಾನೆಳೆದ ತಂತಿ

ನಮ್ಮ ಮುತ್ತಾತ ಕೆಂಚಪ್ಪ ಎತ್ತು ಸತ್ತ ವರ್ಷ ತಾವೇ ನೊಗಕ್ಕೆ ಹೆಗಲು ಕೊಟ್ಟು ಹೊಲ ಉತ್ತವರು. ತಾತ ಮಲ್ಲಯ್ಯ ಹೆಬ್ಬಾವನ್ನು ಹಗ್ಗವೆಂದುಕೊಂಡು ಸೌದೆಹೊರೆ ಕಟ್ಟಿ ಮನೆತನಕ ಹೊತ್ತು ತಂದವರು! ಅಪ್ಪ ಚಿನ್ನಸಾಮಿ ಮುಳ್ಳುಗಾಡು ಕಡಿದು ದ್ರಾಕ್ಷಿ ಚಪ್ಪರ ಎಬ್ಬಿಸಿದವರು. ಇಂಥ ರಕ್ತದವನು ಹಿತ್ತಲ ಕೋಣೆಗೊಂದು ಕರೆಂಟು ಬೋರ್ಡು ಹಾಕಲು ಇನ್ನೊಬ್ಬನನ್ನು ಕರೆಯುವುದೇ? ಛೇ!

ಮಾರನೆಯ ದಿನ ಮೊಮ್ಮಗಳು ಅಭಿರಾಮಿಗೆ ಕಿವಿ ಚುಚ್ಚುವ ಶಾಸ್ತ್ರ. ಕಂಬಂನಿಂದ ನಿಲಕ್ಕೋಟ್ಟೈವರೆಗಿನ ನೆಂಟರೆಲ್ಲ ಬೆಳಗ್ಗೆ ಇಡ್ಲಿಗೆ ಕೂರುವವರು. ಅದಕ್ಕೇ ದೊಡ್ಡ ಗ್ರೈಂಡರನ್ನು ಹಿತ್ತಲ ಕೋಣೆಗೆ ಸಾಗಿಸಿದ್ದೆವು. ನೀರಿನ ಮೋಟಾರು, ಗೀಸರು ಕೂಡ ಅಲ್ಲೇ.

ನನ್ನ ಹೆಂಡತಿಯ ಅಣ್ಣನ ಮಗ ಶಿವಬಾಲನ್ ಎಲೆಕ್ಟ್ರಿಷಿಯನ್. "ಮಾವಾ, ಇಷ್ಟಕ್ಕೆಲ್ಲ ಆರು ಎಂಎಂ ವೈರು ಬೇಕು. ಸಂಜೆ ನಾನೇ ಬಂದು ಎಳೀತೀನಿ" ಎಂದ.

"ನೀನು ತೊಟ್ಟಿಲಲ್ಲಿದ್ದಾಗಲೇ ತಂತಿ ಎಳೆದವನು ಕಣೋ ನಾನು!"

ಸುಳ್ಳಲ್ಲ. ನಾನೆಳೆದ ದ್ರಾಕ್ಷಿ ಚಪ್ಪರದ ಕಬ್ಬಿಣದ ತಂತಿಯಲ್ಲಿ ಎಂಟನೇ ನಂಬರು ಬೆರಳಿನ ಗಾತ್ರ, ಹದಿನಾಲ್ಕು ಬರೀ ದಾರ. ನಂಬರು ಇಳಿದಷ್ಟೂ ತಂತಿ ದಪ್ಪ! ಇವನು ಆರಕ್ಕೇ ನಿಂತನಲ್ಲ, ಹೇಡಿ! ಕಂಬಂ ಅಂಗಡಿಯಲ್ಲಿ ಎದೆಯುಬ್ಬಿಸಿ, "ಒಂದೂವರೆ ಎಂಎಂ ಕೊಡಪ್ಪ!" ಎಂದೆ.

"ಸಾಕಾ ಅಯ್ಯಾ?"

"ಸಾಕಾ ಅಂದ್ರೆ? ಆನೆ ಕಟ್ತೀನೇನೋ!"

ಮನೆಯಲ್ಲಿ ಡಬ್ಬ ಬಿಚ್ಚಿದ ನನ್ನ ಹೆಂಡತಿ ಪಿಚ್ಚೈಯಮ್ಮಾಳ್ ಕಣ್ಣರಳಿಸಿದಳು. "ಏನ್ರೀ, ಹೂ ಕಟ್ಟೋ ದಾರ ತಂದಿದ್ದೀರಲ್ಲ!"

ನನ್ನ ಕಣ್ಣಿಗೂ ಅದು ದಾರವೇ. ತೋರಿಸಿಕೊಳ್ಳುವುದುಂಟೇ? "ತಾಮ್ರ ಕಣೇ! ಮೈ ಸಣ್ಣ, ಬಲ ಭೀಮನದು!"

ಎಳೆದೇಬಿಟ್ಟೆ. ಸಂಜೆ ಗ್ರೈಂಡರು, ಮೋಟಾರು, ಗೀಸರು ಮೂರನ್ನೂ ಒಟ್ಟಿಗೆ ಹಾಕಿ ಮಹಾರಾಜನಂತೆ ನಿಂತೆ. ಬಲ್ಬು ಮಿಣುಕುಹುಳುವಾಯಿತು. ಗ್ರೈಂಡರು ಗಬ್ಬದ ಎಮ್ಮೆಯಂತೆ ನರಳಿ, ಹೊಗೆ ಕಾರಿ, ನಿಂತೇಹೋಯಿತು! ಗೋಡೆಯುದ್ದಕ್ಕೂ ವೈರು ಕಮಟು ನಾರತೊಡಗಿತು. ಪಿಚ್ಚೈಯಮ್ಮಾಳ್ ಓಡಿಹೋಗಿ ಮೇನ್ ಆರಿಸದಿದ್ದರೆ ನೆಂಟರು ಶಾಸ್ತ್ರದ ಬದಲು ಬೂದಿ ನೋಡಬೇಕಿತ್ತು.

ಶಿವಬಾಲನ್ ಬಂದು ವೈರು ಮುಟ್ಟಿ ನೋಡಿದ. "ಮಾವಾ, ಕರೆಂಟು ವೈರಲ್ಲಿ ನಂಬರು ಏರಿದಷ್ಟೂ ದಪ್ಪ. ಇದು ಬಲ್ಬು, ಫ್ಯಾನಿಗೆ ಹಾಕೋದು. ಗ್ರೈಂಡರಿನ ಮೋಟಾರೂ ಸುಟ್ಟಿದೆ, ಇವತ್ತಿಗೆ ಏಳಲ್ಲ."

ಪಿಚ್ಚೈಯಮ್ಮಾಳ್ ಬಯ್ಯಲಿಲ್ಲ. ಬಯ್ದಿದ್ದರೆ ಬದುಕುತ್ತಿದ್ದೆ! ನೆನೆದ ಅಕ್ಕಿಯ ಅಂಡೆಯನ್ನು ದರದರ ಎಳೆದು ತಂದು ಹಳೆಯ ಒರಳುಕಲ್ಲಿನ ಮುಂದಿಟ್ಟಳು. "ಕೂತ್ಕೊಳ್ಳಿ" ಎಂದಳು, ಅಷ್ಟೇ.

ಕೂತೆ. ಊರಿಗೆಲ್ಲ ಆಗುವಷ್ಟು ಅಕ್ಕಿ! ಒಂದು ಕೊಪ್ಪರಿಗೆ ರುಬ್ಬುವಷ್ಟರಲ್ಲಿ ತೋಳು ಕಳಚಿ ಹಿಟ್ಟಿಗೇ ಬೀಳುವಂತಾಯಿತು. ಶಿವಬಾಲನ್‌ಗೆ ಕನಿಕರ ಬಂತು. ಅಂಗಿ ತೋಳು ಮಡಚುತ್ತ ಹತ್ತಿರ ಬಂದ. "ಏಳಿ ಮಾವಾ, ನಾನೊಂದಿಷ್ಟು ರುಬ್ತೀನಿ."

"ದೂರ ನಿಲ್ಲೋ! ಈ ಗುಂಡುಕಲ್ಲಿಗೆ ನಂಬರಿಲ್ಲ. ಇದನ್ನ ನಾನೇ ನೋಡ್ಕೊತೀನಿ!"