ಮಾಲಿನಿಯ ಪಿಯಾನೊಗೆ ನಾನೊಡೆದ ಕಾಯಿ

ಈ ಜಗತ್ತಿನಲ್ಲಿ ಕೆಲವು ಕೆಲಸಗಳಿವೆ ನೋಡಿ. ಕೆಟ್ಟರೆ ಊರೆಲ್ಲ ಬಂದು ನೋಡುತ್ತದೆ, ಸರಿಯಾದರೆ ಒಂದು ನರಪಿಳ್ಳೆಯೂ ತಿರುಗಿ ನೋಡುವುದಿಲ್ಲ. ಅಂಥ ಕೆಲಸಕ್ಕೆ ಕೈ ಹಾಕಿದ ಮಹಾಪುರುಷ ನಾನು, ಪಂಚಾಕ್ಷರಪ್ಪ. ಕಡೂರಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟುಕೊಂಡಿದ್ದೇನೆ.

ನನ್ನ ಹೆಂಡತಿ ಮಾಲಿನಿ ಅಜ್ಜಂಪುರದವಳು. ನಲವತ್ತೈದು ತುಂಬಿದ ಮೇಲೆ ಅವಳಿಗೆ ಪಿಯಾನೊ ಕಲಿಯುವ ಮನಸ್ಸಾಯಿತು. (ನನಗೆ ಆ ವಯಸ್ಸಿನಲ್ಲಿ ಮಂಡಿನೋವು ಬಂದಿತ್ತು. ಒಬ್ಬೊಬ್ಬರಿಗೆ ಒಂದೊಂದು ಬರುತ್ತದೆ.) ಕರೆಂಟಿನ ಪಿಯಾನೊ ಮನೆಗೆ ಬಂದ ದಿನ ತರೀಕೆರೆಯಿಂದ ನನ್ನ ಬಾಮೈದ ಕಲ್ಲೇಶನೂ ಬಂದಿದ್ದ. ಅವನು ಯಾವುದೋ ಗುಂಡಿ ಒತ್ತಿದ್ದೇ ತಡ, ಯಾರೂ ಮುಟ್ಟದೆಯೇ ಪಿಯಾನೊ ಒಂದು ಹಾಡನ್ನು ಪೂರ್ತಿ ನುಡಿಸಿಬಿಟ್ಟಿತು.

"ಅಯ್ಯೋ ಅಕ್ಕ, ಇದಕ್ಕೆ ನೀನ್ಯಾಕೆ ಬೇಕು? ಮಿಷನ್ನೇ ಎಲ್ಲಾ ನುಡಿಸ್ತದಲ್ಲ!" ಎಂದ.

ಅಂದಿನಿಂದ ಎರಡು ವರ್ಷ, ಮಾಲಿನಿ ಏನು ನುಡಿಸಿದರೂ ನೆಂಟರ ಕಣ್ಣು ಅವಳ ಬೆರಳಿನ ಮೇಲಿರದೆ ಆ ಗುಂಡಿಯ ಮೇಲೇ ಇರುತ್ತಿತ್ತು. ಅವಳು ಬೆಳಗ್ಗೆ ಐದಕ್ಕೇ ಎದ್ದು ಅಭ್ಯಾಸ ಮಾಡಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಕೊನೆಗೆ ರೋಸಿಹೋಗಿ, ಮೊಬೈಲಿನಲ್ಲಿ ಪಾಠ ಹೇಳುವ ಟೀಚರನ್ನು ಕೇಳಿ ಒಂದು ಸಂಗೀತ ಸಂಸ್ಥೆಯ ಪರೀಕ್ಷೆ ಕಟ್ಟಿದಳು. ಮನೆಯಲ್ಲೇ ನುಡಿಸಿ ವಿಡಿಯೊ ಕಳಿಸಬೇಕು. ಮುಖ, ಕೈ ಎರಡೂ ಕಾಣಬೇಕು, ಮಧ್ಯೆ ಎಲ್ಲೂ ಕತ್ತರಿಸಿರಬಾರದು.

"ಸರ್ಟಿಫಿಕೇಟ್ ಬರ್ಲಿ, ಆ ಗುಂಡಿ ಮೇಲೇ ಅಂಟಿಸ್ತೀನಿ" ಎಂದಳು.

ಚಿತ್ರೀಕರಣದ ಸಂಪೂರ್ಣ ಹೊಣೆಯನ್ನು ನಾನು ಹೊತ್ತುಕೊಂಡೆ. (ಯಾರೂ ಹೊರಿಸಿರಲಿಲ್ಲ.) ಮುಖ, ಕೈ ಎರಡೂ ಕಾಣಬೇಕೆಂದರೆ ಮೊಬೈಲನ್ನು ಬಾಗಿಲ ಹತ್ತಿರ ಏಣಿಗೆ ಕಟ್ಟಬೇಕು. ಅಷ್ಟು ದೂರ ಇಟ್ಟರೆ ಅದಕ್ಕೆ ಪಿಯಾನೊಗಿಂತ ಅಡುಗೆಮನೆಯ ಕುಕ್ಕರೇ ಚೆನ್ನಾಗಿ ಕೇಳಿಸುತ್ತದೆ. ಆದ್ದರಿಂದ ಇನ್ನೊಂದು ಮೊಬೈಲನ್ನು ಪಿಯಾನೊದ ಪಕ್ಕದಲ್ಲೇ ಇಟ್ಟು ಅದರಲ್ಲಿ ಶಬ್ದ ಮಾತ್ರ ಹಿಡಿಯುವುದು, ಆಮೇಲೆ ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನೂ ಶಬ್ದವನ್ನೂ ಕೂಡಿಸುವುದು. ಇದಕ್ಕೆ ಸಿಂಕ್ ಮಾಡುವುದು ಎನ್ನುತ್ತಾರೆ. ನಾನು ಮಂಡಿಯಲ್ಲಿ ಕೂತು ಹದಿನಾಲ್ಕು ವಿಡಿಯೊ ನೋಡಿ ಈ ವಿದ್ಯೆಯಲ್ಲಿ ಪಾರಂಗತನಾಗಿದ್ದೆ. ಮೊದಲಿಗೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಬೇಕು. ಚಿತ್ರದಲ್ಲಿ ಕೈ ಕೂಡುವ ಜಾಗ, ಶಬ್ದದಲ್ಲಿ 'ಫಟ್' ಎನ್ನುವ ಜಾಗ, ಇವೆರಡನ್ನೂ ಎದುರುಬದುರು ಇಟ್ಟರೆ ಮುಂದಿನದ್ದೆಲ್ಲ ತಾನಾಗಿ ಕೂಡುತ್ತದೆ.

"ಸರಿ, ಒಂದು ಚಪ್ಪಾಳೆ ತಟ್ಟಿ, ಶುರು ಮಾಡ್ತೀನಿ" ಎಂದಳು ಮಾಲಿನಿ.

"ಚಪ್ಪಾಳೆನಾ? ಕಾಯಿ ಮಂಡಿ ಇಟ್ಟೋನ ಮನೇಲಿ ಶುಭಕಾರ್ಯಕ್ಕೆ ಚಪ್ಪಾಳೆನಾ? ಹೊಸ ತಕ್ಕಡಿ ತಂದ್ರೂ ಕಾಯಿ ಒಡೀತೀವಿ, ಲಾರಿಗೆ ಟೈರ್ ಹಾಕ್ಸಿದ್ರೂ ಒಡೀತೀವಿ. ಅದ್ರದ್ದೂ ಫಟ್ ಅನ್ನೋ ಸದ್ದೇ ತಾನೆ?"

"ಪಂಚಾಕ್ಷರಿ, ಅವಳು ಹೇಳಿದಂಗೆ ಕೇಳೋ" ಎಂದರು ಒಳಗಿನಿಂದ ನನ್ನ ತಾಯಿ ದಾಕ್ಷಾಯಣಮ್ಮ. ನಾನು ಕೇಳುವ ಪೈಕಿಯಲ್ಲ.

ಪಿಯಾನೊ ಪಕ್ಕ ಕಲ್ಲಿಟ್ಟು, ಕ್ಯಾಮೆರಾಗೆ ಕೈಮುಗಿದು, ಕಾಯಿ ಒಡೆದು ಸರಿದು ನಿಂತೆ. ಮಾಲಿನಿ ಆರು ನಿಮಿಷ ಒಂದು ತಪ್ಪೂ ಇಲ್ಲದೆ ನುಡಿಸಿ, ಎದ್ದು ನಿಂತು ನಮಸ್ಕಾರ ಮಾಡಿದಳು. ಆಮೇಲೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತು, ಕ್ಯಾಮೆರಾ ಹಿಡಿದ ಶಬ್ದವನ್ನು ಅಳಿಸಿ, ಕಾಯಿ ಹೋಳಾಗುವ ಚಿತ್ರಕ್ಕೆ ಫಟ್ ಎನ್ನುವ ಶಬ್ದ ಕೂಡಿಸಿದೆ. ಹತ್ತು ಸಲ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದೂವರೆ ಸೆಕೆಂಡು ಬಿಟ್ಟು ಇನ್ನೊಂದು ಫಟ್ ಕೇಳಿಸಿತು. ಪ್ರತಿಧ್ವನಿ ಎಂದುಕೊಂಡೆ. ಕಾಯಿಯೇ ಕೂಡಿದ ಮೇಲೆ ಪಿಯಾನೊ ಎಲ್ಲಿಗೆ ಹೋದೀತು ಎಂದು ಮುಂದಕ್ಕೆ ನೋಡುವ ಗೋಜಿಗೆ ಹೋಗದೆ, ಕಾಯಿಯ ಭಾಗ ತೆಗೆದು ಕಳಿಸಿಬಿಟ್ಟೆ.

ನಾಲ್ಕನೇ ದಿನ ಉತ್ತರ ಬಂತು: 'ಅಭ್ಯರ್ಥಿಯ ಬೆರಳಿಗೂ ನಾದಕ್ಕೂ ಹೊಂದಾಣಿಕೆ ಇಲ್ಲ. ನುಡಿಸಿದವರು ಇವರೇ ಎಂದು ನಂಬಲಾಗದು. ಐದು ದಿನದೊಳಗೆ ಇನ್ನೊಂದೇ ಒಂದು ಅವಕಾಶ ಕೊಡಲಾಗಿದೆ.'

ಮಾಲಿನಿ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟಳು. ಬೈದಿದ್ದರೂ ವಾಸಿಯಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, "ಕಲ್ಲೇಶ ಅಂದಂಗೇ ಅಂದ್ಬಿಟ್ರಲ್ಲ ರೀ. ನಾನು ಕಳ್ಳಿನಾ?" ಎಂದಳು.

"ಅವ್ರ ಕಂಪ್ಯೂಟರ್ ಕೆಟ್ಟಿರ್ಬೇಕು ಕಣೇ! ನನ್ನ ಸಿಂಕ್ ತಪ್ಪೋದು ಅಂದ್ರೇನು?" ಎಂದು ಗುಡುಗಿದೆ.

ಗುಡುಗಿ, ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಮಂಡಿಗೆ ಹೋದೆ. ಕಾಯಿ ರಾಶಿಯ ಹಿಂದೆ ಕೂತು ಮೊದಲಿನಿಂದ ನೋಡಿದೆ. ಶಿವನೇ! ಕಾಯಿ ಒಂದೇ ಏಟಿಗೆ ಒಡೆದಿರಲಿಲ್ಲ. ಮೊದಲ ಏಟಿಗೆ ಜೋರಾಗಿ ಸದ್ದಷ್ಟೇ, ಎರಡನೆಯದಕ್ಕೆ ಹೋಳು. ಕ್ಯಾಮೆರಾ ಮುಂದಿನ ಸಡಗರದಲ್ಲಿ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ನಾನು ಎರಡನೇ ಏಟಿನ ಚಿತ್ರಕ್ಕೆ ಮೊದಲನೇ ಏಟಿನ ಶಬ್ದ ಕೂಡಿಸಿದ್ದೆ. ಪ್ರತಿಧ್ವನಿ ಎಂದುಕೊಂಡದ್ದು ಎರಡನೇ ಏಟು. ಉದ್ದಕ್ಕೂ ಬೆರಳು ಮುಂದೆ, ನಾದ ಒಂದೂವರೆ ಸೆಕೆಂಡು ಹಿಂದೆ. ಕೊನೆಯಲ್ಲಿ ಮಾಲಿನಿ ಎದ್ದು ಕೈಮುಗಿಯುತ್ತಿದ್ದರೆ ಪಿಯಾನೊ ಪಾಡಿಗೆ ಪಿಯಾನೊ ನುಡಿಯುತ್ತಿತ್ತು.

ಮೂವತ್ತು ವರ್ಷ ಕಾಯಿ ವ್ಯಾಪಾರ ಮಾಡಿದವನ ಕೈಯಲ್ಲಿ ಕಾಯಿ ಒಂದೇಟಿಗೆ ಒಡೆಯಲಿಲ್ಲ ಎಂದು ಹೆಂಡತಿಗೆ ಹೇಗೆ ಹೇಳುವುದು? ಮಾನ ಮರ್ಯಾದೆಯ ಪ್ರಶ್ನೆ. ಹೇಳಲಿಲ್ಲ.

ಎರಡನೇ ಚಿತ್ರೀಕರಣಕ್ಕೆ ಸಾವಿರ ಕಾಯಿ ತಟ್ಟಿ, ಅಲ್ಲಾಡಿಸಿ, ಕಿವಿಗೆ ಹಿಡಿದು ಒಂದನ್ನು ಆರಿಸಿದೆ. ಮಾಲಿನಿ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. "ಇದೂ ಹೋದ್ರೆ ಪಿಯಾನೊ ಮಾರಿಬಿಡಿ" ಎಂದಳು. ನಾನು ಹಲ್ಲು ಕಚ್ಚಿ ಕೈ ಬೀಸಿದೆ. ಒಂದೇ ಏಟು, ಎರಡು ಹೋಳು! ಅವಳು ನುಡಿಸಿದಳು. ಹೇಗೆ ನುಡಿಸಿದಳು ಅಂತೀರಿ! ಅಮ್ಮ ಕುಕ್ಕರ್ ಇಳಿಸಿ ಬಂದು, ಸೆರಗಿನಲ್ಲಿ ಕೈ ಒರೆಸುವುದನ್ನೂ ಮರೆತು ನಿಂತುಬಿಟ್ಟರು. ಈ ಸಲ ನಾನು ಆರು ನಿಮಿಷವನ್ನೂ ಬೆರಳು ಬೆರಳಿಗೆ ನೋಡಿಯೇ ಕಳಿಸಿದೆ.

ಫಲಿತಾಂಶ ಬಂತು. ನೂರಕ್ಕೆ ತೊಂಬತ್ತಮೂರು! ಜೊತೆಗೆ ಒಂದು ಸಾಲು: 'ಪ್ರತಿ ಬೆರಳಿನ ನಾದವೂ ಸ್ಪಷ್ಟ. ಮೊದಲ ಬಾರಿ ಸಂಶಯಪಟ್ಟಿದ್ದಕ್ಕೆ ವಿಷಾದಿಸುತ್ತೇವೆ.' ಮಾಲಿನಿ ಅದನ್ನು ಅಮ್ಮನಿಗೆ ಮೂರು ಸಲ ಓದಿ ಹೇಳಿದಳು. ಅಮ್ಮ ಅವಳ ಮುಖ ನೀವಿ ನೆಟಿಗೆ ಮುರಿದರು. ಸರ್ಟಿಫಿಕೇಟ್ ಗುಂಡಿಯ ಮೇಲೇರಿತು.

ಭಾನುವಾರ ಹೋಳಿಗೆ ಊಟ. ಅಜ್ಜಂಪುರದ ಮಾವನ ಮನೆಯವರೆಲ್ಲ ಬಂದರು, ತರೀಕೆರೆಯಿಂದ ಕಲ್ಲೇಶ ಬಂದ. ಟಿವಿಯಲ್ಲಿ ವಿಡಿಯೊ ಹಾಕಿದೆ. ಮುಗಿಯುವಷ್ಟರಲ್ಲಿ ಕಲ್ಲೇಶ ಎದ್ದು ನಿಂತಿದ್ದ.

"ತಪ್ಪಾಯ್ತು ಅಕ್ಕ. ಮಿಷನ್ ಅಂದಿದ್ದ ಬಾಯಿಗೆ ಹುಳ ಬೀಳ. ನೀನೇ ಕಣಕ್ಕ!" ಎಂದ. ಮಾಲಿನಿ ಎರಡು ವರ್ಷ ಕಾದಿದ್ದ ಮಾತು ಅದು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಪಂಚಾಕ್ಷರಪ್ಪ ಹೇಗಾದೇನು?

"ಸಿಂಕ್ ಹೆಂಗಿದೆ?" ಎಂದೆ.

"ಏನು ಸಿಂಕು ಭಾವ?"

"ಬೆರಳಿಗೂ ಸದ್ದಿಗೂ ಕೂಡಿಸಿರೋದು ಕಣೋ. ನಾನು ಮಾಡಿದ್ದು."

"ಅದರಲ್ಲಿ ಕೂಡಿಸೋದೇನಿದೆ? ಅಕ್ಕ ಒತ್ತಿದ್ಳು, ಅದು ನುಡೀತು" ಎಂದು ಕಲ್ಲೇಶ ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

ನನ್ನ ಮೈಯೆಲ್ಲ ಉರಿದುಹೋಯಿತು. "ಕೂಡ್ಸೋದೇನಿದೆಯಾ? ಕೂಡದೇ ಇದ್ರೆ ಹೆಂಗಿರ್ತದೆ ತೋರಿಸ್ತೀನಿ, ನೋಡು!" ಎಂದು ಆವೇಶದಿಂದ ಮೊದಲನೇ ವಿಡಿಯೊವನ್ನೇ ಟಿವಿಗೆ ಹಾಕಿದೆ. ಕಾಯಿಯ ಸಮೇತ. "ನೋಡಿ, ಇಲ್ಲಿ ಕಾಯಿಗೆ ಎರಡು ಏಟು ಬಿದ್ದಿದೆ. ನಾನು ಇದರ ಸದ್ದನ್ನ ಅದಕ್ಕೆ ಕೂಡಿಸ್ಬಿಟ್ಟಿದ್ದೆ. ಅದಕ್ಕೇ ಎಲ್ಲಾ ಎಡವಟ್ಟಾಗಿದ್ದು!"

ಟಿವಿಯೊಳಗೆ ಮಾಲಿನಿ ಕೈಮುಗಿದು ನಿಂತಿದ್ದಳು, ಪಿಯಾನೊ ಇನ್ನೂ ನುಡಿಯುತ್ತಿತ್ತು. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲಿನಿ ಮಾತ್ರ ನಗಲಿಲ್ಲ. ಹೋಳಿಗೆ ತಟ್ಟೆ ಕೆಳಗಿಟ್ಟಳು.

"ಅವ್ರ ಕಂಪ್ಯೂಟರ್ ಕೆಟ್ಟಿದೆ ಅಂದಿದ್ರಿ?"

ಆಗ ನನಗೆ ನಾನೇನು ಬೊಗಳಿದೆ ಎಂಬುದು ಹೊಳೆಯಿತು. "ಅದೂ... ಅವ್ರ ಕಂಪ್ಯೂಟರೂ ಸ್ವಲ್ಪ..."

"ಮೂರು ದಿನ ಆ ಹುಡುಗಿ ಅನ್ನ ಬಿಟ್ಟಿದ್ಳಲ್ಲೋ!" ಎಂದರು ಅಮ್ಮ.

ಮಾಲಿನಿ ಕಿರುಚಲಿಲ್ಲ, ಅಳಲಿಲ್ಲ. ಬಹಳ ಶಾಂತವಾಗಿ ಮೊಬೈಲ್ ತೆಗೆದು ಏನೋ ಒತ್ತತೊಡಗಿದಳು. ಆ ಶಾಂತಿ ಕಂಡು ನನಗೆ ಬೆವರು ಕಿತ್ತುಕೊಂಡಿತು.

"ಏನೇ ಮಾಡ್ತಿದೀಯಾ?"

"ಅರ್ಜಿ ತುಂಬ್ತಿದೀನಿ. ಅಭ್ಯರ್ಥಿ ಹೆಸರು ಪಂಚಾಕ್ಷರಪ್ಪ, ವಯಸ್ಸು ಐವತ್ತೆರಡು, ಪಿಯಾನೊ ಪ್ರಾಥಮಿಕ ಪರೀಕ್ಷೆ. ನಾಳೆಯಿಂದ ಬೆಳಗ್ಗೆ ಐದಕ್ಕೆ ಅಭ್ಯಾಸ."

"ನಾನಾ? ನನ್ನ ಬೆರಳು ನೋಡಿದೀಯೇನೇ?"

"ನೋಡಿದೀನಿ, ಇನ್ಮೇಲೆ ಎಲ್ರೂ ನೋಡ್ತಾರೆ. ವಿಡಿಯೊ ನಾನೇ ತೆಗೀತೀನಿ, ಸಿಂಕೂ ನಾನೇ ಮಾಡ್ತೀನಿ. ನೀವು ಎಲ್ಲಿ ತಪ್ತೀರೋ, ಸರಿಯಾಗಿ ಅಲ್ಲೇ ಕೇಳಿಸ್ತದೆ."