ಬಾಳೆಹಣ್ಣು ಸ್ವೀಕರಿಸಿದ ಎಲೆಯಾನೆಗೆ

ಓಝರ್, ನಾಸಿಕ ಜಿಲ್ಲೆ
ನವೆಂಬರ್ ೧೯೭೩

ಸತ್ಯವನ್ನೇ ನುಡಿಯುವ ಸಜ್ಜನರೇ, ಸುಳ್ಳು ಕೇಳಿ ಸುಖಿಸುವ ಸಂಬಂಧಿಕರೇ, ಎಲ್ಲರೂ ಎದ್ದು ನಿಂತು ಆಲಿಸಬೇಕು. ನಾನೀಗ ಒಂದು ಆನೆಯ ಮೇಲೆ ದೂರು ಸಲ್ಲಿಸುತ್ತಿದ್ದೇನೆ.

ಮುಂಬಯಿಯ ಗುಡ್ಡದ ತೋಟದಲ್ಲಿ, ಪೊದೆ ಕತ್ತರಿಸಿ ಮಾಡಲ್ಪಟ್ಟು, ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಂತಿರುವ ಮಾನ್ಯ ಗಜರಾಜರೇ,

ಬೇರೂರಿದ ತಮ್ಮ ಪಾದಗಳಿಗೆ ಅನಂತ ನಮಸ್ಕಾರಗಳು. ತಮ್ಮ ಮೈ ಹಸಿರಾಗಿರಲಿ, ಮಾಲಿಯ ಕತ್ತರಿ ಮೊಂಡಾಗಿರಲಿ.

ಇಲ್ಲಿನ ವಿಮಾನ ಕಾರ್ಖಾನೆಯ ಕನ್ನಡದವರು ಕಳೆದ ಭಾನುವಾರ ಬಸ್ಸು ಮಾಡಿಕೊಂಡು, ಮೂರು ಕಡೆ ನೀರಿರುವ ತಮ್ಮ ನಗರಕ್ಕೆ, ಹಗಲಿಗೆ ಮೃಗಾಲಯ, ಸಂಜೆಗೆ ಉದ್ಯಾನ ಎಂಬ ಸಂಕಲ್ಪದಿಂದ ಹೊರಟದ್ದು ತಮಗೆ ತಿಳಿದಿರಲಾರದು. ಬೀದರಿನಿಂದ ಬಂದಿರುವ ನನ್ನ ತಾಯಿ ಮಲ್ಲಮ್ಮನವರ ಎರಡೂ ಕಣ್ಣಿಗೆ ಪೊರೆ. ಪೂರ್ತಿ ಕತ್ತಲಾಗುವ ಮೊದಲು ಒಮ್ಮೆ ಆನೆ ನೋಡಬೇಕೆಂಬುದು ಅವರ ಆಸೆ. ತೋರಿಸುತ್ತೇನೆಂಬುದು ನಾನು ಕೊಟ್ಟ ಭಾಷೆ.

ಆದರೆ ಕ್ವಾರ್ಟರ್ಸಿನ ನಲ್ಲಿಗೆ ನೀರು ಬರುವ ಮೊದಲೇ ಬಸ್ಸು ಹೊರಟಿದ್ದರಿಂದ, ನಮ್ಮ ಹಿರಿಯರಾದ ಮನ್ಮಥಪ್ಪನವರು ದಾರಿಯಲ್ಲಿ ಸಿಗುವ ಘೋಟಿ ಊರಿನಲ್ಲಿ ಬಾವಿ ಕಂಡದ್ದೇ ಗಾಡಿ ನಿಲ್ಲಿಸಿದರು. "ಜಳಕ ಇಲ್ಲದ, ಲಿಂಗಪೂಜಿ ಇಲ್ಲದ ನಾ ಗುಟುಕು ನೀರೂ ಮುಟ್ಟಂಗಿಲ್ಲರಿ. ನಿಮ್ಮ ಆನಿಗೇನು ರೆಕ್ಕಿ ಅವ ಏನು, ಹಾರಿ ಹೋಗಲಿಕ್ಕ?" ಎಂದರು. ಅವರ ಪೂಜೆ ಮುಗಿಯುವಷ್ಟರಲ್ಲಿ, "ನಮ್ದೂ ಆಗಿಬಿಡ್ಲಿ ತಗೋರಿ" ಎನ್ನುತ್ತ ಅರ್ಧ ಬಸ್ಸೇ ಕೊಡ ಹಿಡಿದು ಸಾಲುಗಟ್ಟಿತು. ಪೂಜೆಯಾದ ಮೇಲೆ ಪ್ರಸಾದ, ಪ್ರಸಾದದ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಚಟ್ನಿ, ಚಟ್ನಿಯ ಮೇಲೆ ಕುಂಭಕರ್ಣ ನಿದ್ದೆ. ಭಕ್ತಿ ಸಂಪೂರ್ಣ, ಬಸ್ಸು ವಿಳಂಬ. ನಾವು ತಲುಪಿದಾಗ ಮೃಗಾಲಯದ ಬಾಗಿಲು ಮುಚ್ಚಿತ್ತು. ಒಳಗೆ ಯಾವುದೋ ಪ್ರಾಣಿ ನಮ್ಮನ್ನು ನೋಡಿದಂತೆಯೇ ಕೂಗಿತು.

ಹೀಗೆ ತಮ್ಮ ಸನ್ನಿಧಿಗೆ ಬಂದೆವು. ಮುಸ್ಸಂಜೆಯ ಮಬ್ಬಿನಲ್ಲಿ ಅವ್ವ ಥಟ್ಟನೆ ನಿಂತು, "ಯಪ್ಪಾ, ಆನಿ! ಎಷ್ಟ್ ಶಾಂತ ನಿಂತದ ನೋಡೋ!" ಎಂದು ಕೈಮುಗಿದರು. ನಾಸಿಕದಲ್ಲೇ ಹುಟ್ಟಿದ ನನ್ನ ಮಗಳು ಪ್ರೇಮಾ "ಆಜೀ, ಹಾ ಹತ್ತೀ ಖೋ..." ಎಂದು, ಆನೆ ಖೋಟಾ ಎಂಬ ಸತ್ಯವನ್ನು ಮರಾಠಿಯಲ್ಲಿ ನುಡಿಯಹೊರಟಾಗ ಅವಳ ಬಾಯಿಗೆ ಶೇಂಗಾ ಚಿಕ್ಕಿ ತುರುಕಿ ನಾನು ಅತ್ತ ಸರಿದೆ. ಅವ್ವ ಬಾಳೆಹಣ್ಣು ಚಾಚಿದರು. ತಾವು ಸ್ವೀಕರಿಸಿದಿರಿ.

ನನ್ನ ದೂರು ಇಷ್ಟೇ: ಆನೆಗಿರಬೇಕಾದ ಒಂದು ದುರ್ಗುಣವೂ ತಮಗಿಲ್ಲ. ಘೀಳಿಡಲಿಲ್ಲ, ಲದ್ದಿ ಹಾಕಲಿಲ್ಲ. "ನನ್ನ ಮಗನಕಿಂತ ಆ ಆನಿ ಮಾತು ಕೇಳ್ತದ" ಎಂದು ಅವ್ವ ಇಡೀ ಕಾಲನಿಗೆ ಸಾರಿದ್ದಾರೆ. ಮಲ್ಲಿಗೆ ಕಟ್ಟುವ ರುಕ್ಮಿಣಿಬಾಯಿ ತಮಗಾಗಿ ಮಾಲೆ ಕಟ್ಟಿಕೊಡಲೂ ಒಪ್ಪಿಕೊಂಡಿದ್ದಾರೆ. ಸಂಕ್ರಾಂತಿಯಾದ ಮೇಲೆ ಔರಂಗಾಬಾದಿನಲ್ಲಿ ಅವ್ವನ ಕಣ್ಣಿಗೆ ಶಸ್ತ್ರಕ್ರಿಯೆ. "ಪಟ್ಟಿ ಬಿಚ್ಚಿದ ಮ್ಯಾಲ ಮೊದಲು ನಮ್ಮ ಆನೀನ್ನ ನೋಡ್ತೀನಿ" ಎಂದು ಹಟ ಹಿಡಿದಿದ್ದಾರೆ.

ಆದ್ದರಿಂದ ತಾವು ದಯಮಾಡಿ ಅಷ್ಟರೊಳಗೆ ಕಪ್ಪಾಗಬೇಕು. ತಪ್ಪಿದರೆ ಬೂದು ಬಣ್ಣವಾದರೂ ಒಪ್ಪಬೇಕು. ಕಿವಿಯನ್ನು ಒಂದು ಸಲವಾದರೂ ಬೀಸಬೇಕು. ಬೇರು ಕಿತ್ತು ಎರಡು ಹೆಜ್ಜೆ ನಡೆದರೆ ಚಿರಋಣಿ.

ತಮ್ಮ ವಿಶ್ವಾಸಿ,
ವೈಜನಾಥ

ತಾ.ಕ.: ಹಣ್ಣು ಕೊಡುವಾಗ ಆನೆಯ ಬಿಸಿಯುಸಿರು ಕೈಗೆ ತಾಕಿತೆಂದು ಅವ್ವ ಇನ್ನೂ ಅಂಗೈ ತೋರಿಸುತ್ತಾರೆ. ತಾವು ಬೀಗಬೇಕಿಲ್ಲ. ತಮ್ಮ ಹೊಟ್ಟೆಯೊಳಗೆ ತೂರಿ, ಮೈ ಪರಚಿಕೊಂಡು ಕೂತಿದ್ದವನು ನಾನು, ಉಸಿರೂ ನನ್ನದೇ. ಮುಂದಿನ ಸಲ ಅವ್ವನಿಗೆ ಕಣ್ಣಿರುತ್ತದೆ, ನಾನು ಅಡಗಲು ತಮ್ಮಲ್ಲಿ ಎಲೆ ಸಾಲದು.